ಹನ್ನೊಂದು ಹುಡುಗಿಯರ ಮಿತಿ

ಪರದೆಯ ಮೇಲೆ ನೂರಾ ಏಳು ಎಂದು ಬಂದಾಗ ನಾನು ಮೊದಲು ಮಾಡಿದ್ದು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದ್ದು. ಮತ್ತೆ ಹಾಕಿಕೊಂಡು ನೋಡಿದೆ. ನೂರಾ ಏಳೇ ಇತ್ತು.

ವಿಜಯಪುರದ ಸೈಕಲ್ ಟ್ರ್ಯಾಕಿನ ಕೆಳಗಿರುವ ನಿಯಂತ್ರಣ ಕೋಣೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಪಂದ್ಯದಲ್ಲಿ ನೂರು ಎನ್ನುವ ಅಂಕಿಯನ್ನು ನಾಲ್ಕು ಸಲ ನೋಡಿದ್ದೆ. ನೂರರ ಮೇಲೆ ಒಮ್ಮೆಯೂ ನೋಡಿರಲಿಲ್ಲ. ನೂರರ ಮೇಲೆ ಏನೂ ಇಲ್ಲ ಎಂದೇ ನಮಗೆ ಕಲಿಸಿದ್ದರು.

ನಿಯಮ ಸರಳವಾಗಿತ್ತು. ನೂರು ದಾಟಿದರೆ ಹತ್ತು ಸೆಕೆಂಡಿನೊಳಗೆ ಕೆಂಪು ಗುಂಡಿ ಒತ್ತಬೇಕು. ಒತ್ತಿದೆ. ಟ್ರ್ಯಾಕಿನ ಮೇಲೆ ಕೆಂಪು ದೀಪ ಹತ್ತಿತು, ಜನ ಒಂದೇ ದನಿಯಲ್ಲಿ 'ಅಯ್ಯೋ' ಎಂದದ್ದು ಕಾಂಕ್ರೀಟಿನೊಳಗಿಂದ ನನ್ನ ತನಕ ಬಂತು. ಸವಾರಳ ಹೆಸರಿನ ಮೇಲೆ ಅಡ್ಡಗೆರೆ ಬಿತ್ತು. ಐರಾವತಿ ಹೂಗಾರ, ವಯಸ್ಸು ಹತ್ತೊಂಬತ್ತು. ನನ್ನ ಮಗಳು.

ಅವಳು ಮೋಸ ಮಾಡಿದಳೆಂದು ಗುಂಡಿ ಒತ್ತುವಾಗ ನಾನು ನಂಬಿದ್ದೆ. ಇದನ್ನು ಬರೆಯದೆ ಮುಂದಿನದನ್ನು ಬರೆಯಲು ನನಗೆ ಹಕ್ಕಿಲ್ಲ.

ಈಗಿನ ಮಕ್ಕಳಿಗೆ ಸರಿತೂಕ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಅದಿಲ್ಲದ ಆಟವನ್ನು ಅವರು ನೋಡಿಯೇ ಇಲ್ಲ. ಹಿಂದೆ ಹೆಂಗಸರ ಪಂದ್ಯ ಬೇರೆ, ಗಂಡಸರ ಪಂದ್ಯ ಬೇರೆ ಇರುತ್ತಿತ್ತು. ಅದಕ್ಕೂ ಹಿಂದೆ ಹೆಂಗಸರಿಗೆ ಪಂದ್ಯವೇ ಇರುತ್ತಿರಲಿಲ್ಲ. ಒಲಿಂಪಿಕ್ಸಿನಲ್ಲಿ ಎಂಟುನೂರು ಮೀಟರ್ ಓಡಿದ ಹೆಂಗಸರು ಕೊನೆಯಲ್ಲಿ ಸುಸ್ತಾಗಿ ಕಂಡರು ಎನ್ನುವ ನೆಪಕ್ಕೆ ಆ ಓಟವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟಿದ್ದರು. ಗಂಡಸರೂ ಸುಸ್ತಾಗುತ್ತಾರೆ, ಅದನ್ನು ಯಾರೂ ಕೇಳಲಿಲ್ಲ.

ಸರಿತೂಕ ಬಂದ ಮೇಲೆ ಎಲ್ಲರೂ ಒಂದೇ ಟ್ರ್ಯಾಕಿಗೆ ಬಂದರು. ಸೈಕಲಿನ ಹಿಂದಿನ ಗಾಲಿಯ ನಡುವೆ ಲಿಂಬೆಹಣ್ಣಿನ ಗಾತ್ರದ ಒಂದು ಯಂತ್ರ. ಸವಾರರ ಎದೆಗೆ ಒಂದು ಪಟ್ಟಿ. ಪಟ್ಟಿ ನಿಮ್ಮ ಶ್ವಾಸಕೋಶ, ರಕ್ತ, ತೊಡೆಯ ಸ್ನಾಯು ಅಳೆದು, ನಿಮ್ಮ ದೇಹಕ್ಕೆ ಸಾಧ್ಯವಿರುವ ಗರಿಷ್ಠ ಶಕ್ತಿ ಇಷ್ಟು ಎಂದು ಲೆಕ್ಕ ಹಾಕುತ್ತದೆ. ಅದು ನಿಮ್ಮ ಮಿತಿ. ಮಿತಿ ಕಡಿಮೆಯಿದ್ದವರಿಗೆ ಯಂತ್ರ ಪೆಡಲನ್ನು ಹಗುರ ಮಾಡುತ್ತದೆ, ಹೆಚ್ಚಿದ್ದವರಿಗೆ ಭಾರ ಮಾಡುತ್ತದೆ. ತನ್ನ ಮಿತಿಯ ಹತ್ತಿರ ಹೆಚ್ಚು ಹೊತ್ತು ನಿಂತವರು ಗೆಲ್ಲುತ್ತಾರೆ. ಪರದೆಯ ಮೇಲೆ ನಿಮ್ಮ ಮಿತಿಯೇ ನೂರು. ಅದನ್ನು ದಾಟುವುದು ದೇಹಕ್ಕೆ ಸಾಧ್ಯವಿಲ್ಲ. ದಾಟಿದರೆ ಔಷಧವೋ ಗುಪ್ತ ಮೋಟಾರೋ ಇದೆ ಎಂದೇ ಅರ್ಥ.

ಸವಾರರನ್ನೇ ತುಳಿಸಿ ಮಿತಿ ಅಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪರೀಕ್ಷೆಯ ದಿನ ಬೇಕೆಂದೇ ನಿಧಾನ ತುಳಿದು, ಪಂದ್ಯದ ದಿನ ಹಗುರ ಪೆಡಲು ಪಡೆಯುವವರು ಇರುತ್ತಾರೆ. ಅದಕ್ಕಾಗಿ ಒಂದು ಮೂಲ ಪಟ್ಟಿ ಇಟ್ಟುಕೊಂಡಿದ್ದರು. ಇಷ್ಟು ಶ್ವಾಸಕೋಶ, ಇಷ್ಟು ಸ್ನಾಯು ಇದ್ದ ಹೆಂಗಸಿಗೆ ಇಷ್ಟು ಶಕ್ತಿ ಎಂದು ಅದರಲ್ಲಿತ್ತು. ಜಗತ್ತಿನ ಎಲ್ಲ ಹೆಂಗಸರಿಗೂ ಅದೇ ಪಟ್ಟಿ.

ಐರಾಳ ಮೂತ್ರ, ರಕ್ತ, ಸೈಕಲಿನ ಒಂದೊಂದು ತಿರುಪು ಎಲ್ಲವನ್ನೂ ಪರೀಕ್ಷಿಸಿದರು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ 'ಪತ್ತೆಯಾಗದ ವಿಧಾನ' ಎಂದು ಬರೆದುಕೊಂಡರು. ಹತ್ತು ದಿನಕ್ಕೆ ವಿಚಾರಣೆ ಇಟ್ಟರು. ಅಪರಾಧ ಸಾಬೀತಾದರೆ ನಾಲ್ಕು ವರ್ಷ ಅವಳು ಸೈಕಲ್ ಮುಟ್ಟುವ ಹಾಗಿಲ್ಲ.

ಮನೆಗೆ ಬಂದವಳು ಬೂಟು ಕಳಚದೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು. ನನ್ನ ಗಂಡ ಈರಪ್ಪ ರೊಟ್ಟಿ ಬಡಿಯುತ್ತಿದ್ದ. ಅವನಿಗೆ ಗೊತ್ತಿರುವ ಸಮಾಧಾನ ಅದೊಂದೇ.

"ಎರಡ ರೊಟ್ಟಿ ತಿನ್ನವಾ. ಶೇಂಗಾ ಹಿಂಡಿ ಹೊಸಾದೈತಿ."

"ಒಲ್ಲೆ ಅಪ್ಪಾ." ಅವಳು ನನ್ನ ಕಡೆ ತಿರುಗಿದಳು. "ಕೆಂಪು ಗುಂಡಿ ಯಾರ ಒತ್ತಿದ್ರು ಬೇ?"

ಈರಪ್ಪನ ಕೈ ಹಿಟ್ಟಿನ ಮೇಲೆ ನಿಂತಿತು.

"ನಾನ," ಎಂದೆ.

"ಎಷ್ಟನೇ ಸೆಕೆಂಡಿಗೆ?"

"ಐರಾ..."

"ಎಷ್ಟನೇ ಸೆಕೆಂಡಿಗೆ ಅಂತ ಕೇಳಿದೆ."

"ಮೂರು... ನಾಲ್ಕು."

"ಹತ್ತು ಇದ್ದುವಲ್ಲ." ಅವಳು ನಕ್ಕಳು. ಅಷ್ಟು ಕೆಟ್ಟ ನಗುವನ್ನು ಆ ಮುಖದಲ್ಲಿ ನಾನು ನೋಡಿರಲಿಲ್ಲ. "ಹತ್ತು ಕೊಟ್ಟಿದ್ದಾರ. ನೀ ನಾಲ್ಕರಾಗ ಮುಗಿಸಿದಿ."

"ಏನರೆ ತಗೊಂಡಿ ಏನ? ಖರೇ ಹೇಳು. ಯಾರರೆ ಏನರೆ ಕೊಟ್ಟಿದ್ರ—"

"ನೀನೂ ಕೇಳ್ತಿ?" ಎಂದು ಕಟ್ಟೆಯಿಂದ ಇಳಿದಳು. "ನಾ ಏನೂ ತಗೊಂಡಿಲ್ಲ ಬೇ. ಒಂದ ತಪ್ಪ ಮಾಡೀನಿ, ಮರ್ತೆ. ಪ್ರಾಕ್ಟೀಸ್‌ನ್ಯಾಗ ನೂರಾ ಒಂದು ಬಂದಾಗೆಲ್ಲ ಎದಿಪಟ್ಟಿ ಸಡ್ಲ ಆಗೇತಿ ಅಂತ ಬಿಗೀತಿದ್ರಿ. ಬಿಗಿದು ಕಳಿಸಿದಾಗ ನಾವೆಲ್ಲ ಬೇಕಂತನ ತೊಂಬತ್ತೆಂಟಕ್ಕ ಬರ್ತಿದ್ವಿ. ಎದಿ ಎಲ್ಲಿ ನಿಂದ್ರಬೇಕು ಅಂತ ಅದಕ್ಕ ನಾವ ಕಲಿಸ್ತಿದ್ವಿ. ಕಡೀ ಸುತ್ತಿನಾಗ ಮುಂದಿನಾಂವ ಕಾಣಿಸಿದ, ಬೆನ್ನ ಹತ್ತಿದೆ. ನಿಂದ್ರೂದ ಮರ್ತೆ."

"ನಾವೆಲ್ಲ ಅಂದ್ರ?"

"ಎಲ್ಲಾ ಹುಡುಗ್ಯಾರು."

ಅವಳು ಒಳಗೆ ಹೋದಳು. ರೊಟ್ಟಿ ಹಂಚಿನ ಮೇಲೆ ಸೀದ ವಾಸನೆ ಬಂತು. ಈರಪ್ಪ ಅದನ್ನು ತೆಗೆಯಲೂ ಇಲ್ಲ, ನನ್ನನ್ನು ಬಯ್ಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಷ್ಟು ಹುಡುಗಿಯರ ಎದೆಪಟ್ಟಿಯನ್ನು ನಾನು ಈ ಕೈಯಿಂದಲೇ ಬಿಗಿದು ಕಳಿಸಿದ್ದೆ? ಸಡಿಲಾಗಿದೆ ಎಂದು ಹೇಳುವ ಮೊದಲು ಒಮ್ಮೆಯಾದರೂ ಅದು ಸಡಿಲಾಗಿತ್ತೇ?

ಆಗ ನನಗೆ ಹನ್ನೆರಡನೆಯ ನಿಮಿಷ ನೆನಪಾಯಿತು.

ನಾನೂ ಇದೇ ಊರಿನ ಕ್ರೀಡಾ ಹಾಸ್ಟೆಲಿನ ಹುಡುಗಿ. ಹನ್ನೊಂದು ಜನ ಇದ್ದೆವು, ಎಲ್ಲರಿಗೂ ಹದಿನಾರರ ಆಚೀಚೆ. ಪ್ರತಿ ಶನಿವಾರ ಜಮಾದಾರ ಸರ್ ನಮ್ಮನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ನಿಮಿಷ ನಿಮಿಷಕ್ಕೂ ಪೆಡಲು ಭಾರವಾಗುತ್ತಿತ್ತು. ಆಗದಿದ್ದಾಗ ಇಳಿಯಬೇಕು. ಮೂರು ಶನಿವಾರ ಕೊನೆಗೆ ಬಂದವಳನ್ನು ಮನೆಗೆ ಕಳಿಸುತ್ತಿದ್ದರು.

ಎರಡು ಶನಿವಾರ ಪದ್ದಿ ಕೊನೆಗೆ ಬಂದಿದ್ದಳು. ಸಾರವಾಡದ ಪದ್ಮಾವತಿ, ಸಣ್ಣ ಎದೆ, ದೊಡ್ಡ ಬಾಯಿ. ಮನೆಗೆ ಹೋದರೆ ಸೋದರಮಾವನ ಜೊತೆ ಮದುವೆ ಗೊತ್ತಾಗಿತ್ತು. ಆ ಶುಕ್ರವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹನ್ನೊಂದೂ ಜನ ಕೂತೆವು. ಪದ್ದಿ ಹನ್ನೆರಡನೆಯ ನಿಮಿಷಕ್ಕೆ ಸೋಲುತ್ತಿದ್ದಳು. ಹಾಗಾದರೆ ಎಲ್ಲರೂ ಹನ್ನೆರಡಕ್ಕೆ ಇಳಿಯುವುದು. ಕೊನೆಯವಳು ಎನ್ನುವವಳೇ ಇರಬಾರದು. ಈ ಮಾತನ್ನು ಮೊದಲು ಆಡಿದವಳು ನಾನು, ಯಾರಿಗೂ ಹೇಳುವುದಿಲ್ಲ ಎಂದು ಎಲ್ಲರಿಂದ ಆಣೆ ಮಾಡಿಸಿದವಳೂ ನಾನೇ.

ನಾಲ್ಕು ವರ್ಷ ಹಾಗೆಯೇ ನಡೆಯಿತು. ಒಬ್ಬಳೂ ಮಾತು ಮುರಿಯಲಿಲ್ಲ. ಜಮಾದಾರ ಸರ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು: "ನಮ್ಮ ಹುಡುಗ್ಯಾರು ಒಂದ ಅಚ್ಚಿನ್ಯಾಗ ಹೊಯ್ದಾಂಗ ಅದಾರ್ರಿ. ಒಂದ ಊಟ, ಒಂದ ಕಸರತ್ತು, ಒಂದ ತಾಕತ್ತು."

ಮುಂದೆ ಸರಿತೂಕ ಮಾಡಲು ಹೊರಟ ವಿಜ್ಞಾನಿಗಳಿಗೆ ಗಂಡಸರ ಮಾಹಿತಿ ರಾಶಿ ರಾಶಿ ಸಿಕ್ಕಿತು. ಒಂದೇ ಯಂತ್ರದಲ್ಲಿ, ವಾರವಾರವೂ, ವರ್ಷಗಟ್ಟಲೆ ಅಳೆದ ಹೆಂಗಸರ ಮಾಹಿತಿ ಅವರ ಕೈಗೆ ಸಿಕ್ಕಿದ್ದು ಒಂದೇ ಕಡೆ. ಇಷ್ಟು ಏಕರೂಪದ ಅಂಕಿಗಳನ್ನು ನಾವು ಎಲ್ಲೂ ನೋಡಿಲ್ಲ ಎಂದು ಕೊಂಡಾಡಿದರು. ನಮ್ಮ ಹನ್ನೊಂದು ಜನರ ಫೋಟೋ ಶಾಲೆಯ ಪುಸ್ತಕದಲ್ಲಿ ಬಂತು. ಆಮೇಲೆ ಲಕ್ಷಗಟ್ಟಲೆ ಹೆಂಗಸರ ಮಾಹಿತಿ ಸೇರಿರುತ್ತದೆ, ನಮ್ಮ ಹುಡುಗಾಟ ಅದರಲ್ಲಿ ಎಂದೋ ಕರಗಿಹೋಗಿರುತ್ತದೆ ಎಂದು ನನ್ನ ಮನಸ್ಸಿಗೆ ಹೇಳಿಕೊಂಡಿದ್ದೆ. ಕರಗಿರಲಿಲ್ಲ. ನಮ್ಮ ಮಿತಿಯನ್ನು ಯಾರು ದಾಟಿದರೂ ಯಂತ್ರ ಅದನ್ನು ದೋಷ ಎಂದು ಕಿತ್ತು ಹಾಕುತ್ತಿತ್ತು. ಉಳಿದದ್ದು ಯಾವಾಗಲೂ ನಮ್ಮಂತೆಯೇ ಇರುತ್ತಿತ್ತು.

ಮರುದಿನ ಹಾಸ್ಟೆಲಿನ ಹಳೆಯ ಉಗ್ರಾಣಕ್ಕೆ ಹೋದೆ. ನಾನು ಹುಡುಕುತ್ತಿದ್ದದ್ದು ಒಂದು ರಟ್ಟಿನ ರಿಜಿಸ್ಟರು. ಪರೀಕ್ಷೆಯ ಸೈಕಲ್ ನಮ್ಮ ಕಾಲಿನ ಶಕ್ತಿಯನ್ನಷ್ಟೇ ದಾಖಲಿಸುತ್ತಿತ್ತು. ಇಳಿದ ಕೂಡಲೇ ಕುತ್ತಿಗೆಗೆ ಬೆರಳಿಟ್ಟು ಎದೆಬಡಿತ ಎಣಿಸಿ ಕೈಯಿಂದ ಬರೆಯುವ ಕೆಲಸ ವಾರ್ಡನ್ ಅಕ್ಕನದು. ಅದನ್ನು ಯಾವ ವಿಜ್ಞಾನಿಯೂ ಕೇಳಿರಲಿಲ್ಲ. ಹರಿದ ಟೈರುಗಳ ಕೆಳಗೆ ಸಿಕ್ಕಿತು.

ನಾಲ್ಕು ವರ್ಷದ ಶನಿವಾರಗಳು. ಪ್ರತಿ ಪುಟದಲ್ಲೂ ಶಕ್ತಿ ಒಂದೇ: ಹನ್ನೆರಡು ನಿಮಿಷ, ಇನ್ನೂರಾ ಹನ್ನೆರಡು ವ್ಯಾಟ್, ಹನ್ನೊಂದು ಸಲ. ಅದರ ಪಕ್ಕ ಎದೆಬಡಿತ. ಕಾಶಿಬಾಯಿ, ಅಂದರೆ ನಾನು, ನೂರಾ ಐವತ್ತೆಂಟು. ಮೆಹಬೂಬಿ ನೂರಾ ಅರವತ್ತೊಂದು. ಉಳಿದವರೂ ನೂರಾ ಎಪ್ಪತ್ತರೊಳಗೆ, ಮಾತಾಡಿಕೊಂಡು ತುಳಿಯುವ ಎದೆಗಳು. ಒಬ್ಬಳದು ಮಾತ್ರ ನೂರಾ ತೊಂಬತ್ತೊಂಬತ್ತು. ಪದ್ಮಾವತಿ ಸಾರವಾಡ.

ಜಗತ್ತಿನ ಹೆಂಗಸರ ಮಿತಿ ಎಂದು ಇಪ್ಪತ್ತೆಂಟು ವರ್ಷದಿಂದ ನಡೆಯುತ್ತಿದ್ದದ್ದು ಅವಳೊಬ್ಬಳ ಎದೆ.

ಡಾಕ್ಟರ್ ಪದ್ಮಾವತಿ ಈಗ ರಾಷ್ಟ್ರೀಯ ಸರಿತೂಕ ಮಂಡಳಿಯ ಮುಖ್ಯಸ್ಥೆ. ಅವಳ ಭೇಟಿಗೆ ಒಂದು ವಾರ ಕಾಯಬೇಕಾಯಿತು. ಕಚೇರಿಯ ಬಾಗಿಲು ಹಾಕಿ, ತಾನೇ ಚಹಾ ಹಾಕಿಕೊಟ್ಟಳು.

"ಸಕ್ರಿ ಎರಡ ಚಮಚೆ, ಹೌದಲ್ಲ? ಇನ್ನೂ ಹಂಗ ಕುಡಿತಿ?"

"ಪದ್ದಿ, ನೂರಾ ಏಳು ಅಲ್ಲ ಅದು. ಖರೇ ಮಿತಿ ಹಿಡಿದ್ರ ನನ್ನ ಮಗಳು ತೊಂಬತ್ತರಾಗ ಅದಾಳ. ಮೂಲ ಪಟ್ಟಿನ ತಪ್ಪೈತಿ." ರಿಜಿಸ್ಟರು ಮುಂದಿಟ್ಟೆ.

ಅವಳು ಪುಟ ತಿರುವಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ನನಗ ಗೊತ್ತೈತಿ ಕಾಶಿ," ಎಂದಳು. "ಮೊದಲ ವರ್ಷದಿಂದ ಗೊತ್ತೈತಿ."

"ಗೊತ್ತಿದ್ದೂ?"

"ಗೊತ್ತಿದ್ದೂ. ಕೇಳು. ಪಟ್ಟಿ ಇಷ್ಟು ಕೆಳಗ ಐತಿ ಅಂತ ಹುಡುಗ್ಯಾರ ಪೆಡಲು ಇಷ್ಟು ಹಗುರ ಐತಿ. ಇದನ್ನ ಮ್ಯಾಲೆ ಏರಿಸಿದ್ರ ನಾಳಿಗೇ ಎಲ್ಲಾರ ಪೆಡಲು ಭಾರ ಆಕ್ಕೈತಿ. ಅರ್ಧ ಪದಕ ನಮ್ಮವು ಅಂತ ಹಾಡಿ ಹೊಗಳ್ತಾರಲ್ಲ, ಅದು ಅರ್ಧ ಉಳಿಯಾಂಗಿಲ್ಲ. ಆಮ್ಯಾಲೆ ಏನಂತಾರ ಗೊತ್ತೇನ? ನೋಡ್ರಿ, ಸುಳ್ಳ ಹೇಳಿ ಗೆದ್ದಾರ ಅಂತಾರ. ಬೇರೆ ಮಾಡ್ರಿ ಇವ್ರನ್ನ, ಹಳೇ ಕೋಣೀಗೆ ಕಳಸ್ರಿ ಅಂತಾರ."

"ಅದಕ್ಕ ನನ್ನ ಮಗಳು ಕಳ್ಳಿ ಆಗಬೇಕೇನ?"

"ಇಲ್ಲವಾ, ಇಲ್ಲ." ಅವಳ ಕಣ್ಣಲ್ಲಿ ನೀರು ಬಂತು. ನನ್ನ ಎರಡೂ ಕೈ ಹಿಡಿದುಕೊಂಡಳು. ಅಂಗೈ ಇನ್ನೂ ಒರಟಾಗಿಯೇ ಇತ್ತು, ಹ್ಯಾಂಡಲ್ ಹಿಡಿದ ಅಂಗೈ. "ಐರಾ ನನ್ನ ಮಗಳಲ್ಲೇನ? ಹುಟ್ಟಿದಾಗ ಮೊದಲ ಎತ್ಕೊಂಡಾಕಿ ಯಾರು? ಇದನ್ನ ನನ್ನ ಕಡೆ ಬಿಡು. ವಿಚಾರಣಿ ದಿನ ನಾನ ಎದ್ದ ನಿಂತು ಹೇಳ್ತೀನಿ. ನೀ ಹೇಳೂದಕ್ಕೂ ನಾ ಹೇಳೂದಕ್ಕೂ ಫರಕ್ ಐತಿ. ನನ್ನ ಬಾಯಿಂದ ಬಂದ್ರ ಪಟ್ಟಿ ನಿಧಾನ ಬದಲಿ ಮಾಡಬಹುದು, ಹುಡುಗಿನೂ ಉಳೀತಾಳ, ಆಟಾನೂ ಉಳೀತೈತಿ. ಅಲ್ಲೀತನ ಯಾರ ಮುಂದೂ ಬಾಯಿ ಬಿಡಬ್ಯಾಡ."

ರಿಜಿಸ್ಟರನ್ನು ಅವಳ ಮೇಜಿನ ಮೇಲೆ ಬಿಟ್ಟು ಬಂದೆ. ಒಂದು ಪುಟದ ಫೋಟೋ ಕೂಡ ತೆಗೆದುಕೊಳ್ಳಲಿಲ್ಲ. ಚೀಲದಲ್ಲಿ ಫೋನಿತ್ತು. ಅದು ನನಗೆ ಹೊಳೆಯಲಿಲ್ಲ ಎನ್ನುವುದು ಸುಳ್ಳು, ಹೊಳೆಯಿತು, ನಾಚಿಕೆಯಾಯಿತು. ಪದ್ದಿಯ ವಿರುದ್ಧ ಪುರಾವೆ ಇಟ್ಟುಕೊಳ್ಳುವುದೇ?

ಮನೆಗೆ ಬಂದು ಐರಾಳಿಗೆ ಹೇಳಿದೆ: ನಿಮ್ಮ ಪದ್ದಿ ದೊಡ್ಡವ್ವ ಸರಿ ಮಾಡ್ತಾಳ. ಎಂಟು ದಿನದಲ್ಲಿ ಅಂದು ಮೊದಲ ಸಲ ಅವಳು ಹೊಟ್ಟೆ ತುಂಬ ಉಂಡಳು. ಗಾಲಿಗೆ ಎಣ್ಣೆ ಹಾಕಿದಳು. ಈರಪ್ಪ ಮೂರನೆಯ ರೊಟ್ಟಿ ನೀಡಲು ಹೋದಾಗ, "ಅಪ್ಪಾ, ಮಿತಿ ದಾಟಬ್ಯಾಡ," ಎಂದು ನಗಿಸಿದಳು.

ವಿಚಾರಣೆಯಲ್ಲಿ ಮೂವರು ಪೀಠದ ಮೇಲಿದ್ದರು. ಪದ್ಮಾವತಿ ಪ್ರಮಾಣ ಮಾಡಿ ನಿಂತಳು. ಬಿಳಿ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು. ನಾನು ಐರಾಳ ತೊಡೆ ತಟ್ಟಿದೆ.

ಪೀಠದ ಅಧ್ಯಕ್ಷರು ಕೇಳಿದರು: "ಮೂಲ ಪಟ್ಟಿಗೆ ಆಧಾರವಾದ ಹನ್ನೊಂದು ಜನರಲ್ಲಿ ತಾವೂ ಒಬ್ಬರು. ಅವತ್ತು ಎಲ್ಲರೂ ತಮ್ಮ ಪೂರ್ಣ ಶಕ್ತಿಯಿಂದ ತುಳಿದಿದ್ದರೇ?"

"ಹೌದು," ಎಂದಳು ಪದ್ಮಾವತಿ. "ಹನ್ನೊಂದೂ ಜನ. ಪೂರ್ಣ ಶಕ್ತಿಯಿಂದ."

"ಎದೆಬಡಿತದ ದಾಖಲೆ ಏನಾದರೂ?"

"ಅಂಥದ್ದು ಇರಲಿಲ್ಲ."

ನನ್ನ ಕೈ ಇನ್ನೂ ಮಗಳ ತೊಡೆಯ ಮೇಲಿತ್ತು. ಐರಾ ಅದನ್ನು ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

ನಾನು ಎದ್ದು ನಿಂತೆ. ಎಲ್ಲವನ್ನೂ ಹೇಳಿದೆ. ಬಟ್ಟೆ ಒಗೆಯುವ ಕಲ್ಲು, ಹನ್ನೆರಡನೆಯ ನಿಮಿಷ, ರಿಜಿಸ್ಟರು, ಚಹಾ, ಎಲ್ಲ. ಆ ಸುಳ್ಳನ್ನು ಹುಟ್ಟಿಸಿದವಳು ನಾನೇ ಎಂದೂ ಹೇಳಿದೆ. ತಾಯಿಯ ಮಾತು ಎಂದು ಪೀಠದವರು ಅನುಕಂಪದಿಂದ ಕೇಳಿಸಿಕೊಂಡರು. ಉಳಿದ ಒಂಬತ್ತು ಜನರಿಗೆ ಅಲ್ಲಿಂದಲೇ ಒಬ್ಬೊಬ್ಬರಿಗೆ ಕರೆ ಮಾಡಿದರು. ಒಬ್ಬಳ ಹಿಂದೆ ಒಬ್ಬಳು ಪೂರ್ತಿ ತುಳಿದಿದ್ದೆವು ಎಂದಳು. ಕೊನೆಗೆ ಮೆಹಬೂಬಿಯ ಮುಖ ಪರದೆಯ ಮೇಲೆ ಬಂತು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಪೂರ್ತಿ ತುಳಿದಿದ್ವಿ ಸಾಹೇಬ್ರ," ಎಂದವಳು ಪೀಠವನ್ನು ಬಿಟ್ಟು ನನ್ನನ್ನು ನೋಡಿದಳು. "ಕಾಶಕ್ಕಾ, ತಪ್ಪ ತಿಳೀಬ್ಯಾಡ. ನನ್ನ ಸೊಸಿನೂ ಸೈಕಲ್ ತುಳೀತಾಳ. ಹಗುರ ಪೆಡಲಿನ ಮ್ಯಾಲೆ."

ಕಲ್ಲಿನ ಹತ್ತಿರ ಆಣೆ ಮಾಡಿಸಿದವಳು ನಾನು. ಒಬ್ಬಳೂ ಮುರಿಯಲಿಲ್ಲ.

ತೀರ್ಪು ಸಂಜೆಗೆ ಬಂತು. ನಾಲ್ಕು ವರ್ಷದ ನಿಷೇಧ. ಆದರೆ ಮಂಡಳಿಯ ಮುಖ್ಯಸ್ಥರು ದಯೆಯಿಂದ ಒಂದು ದಾರಿ ಸೂಚಿಸಿದ್ದರು. ಸವಾರಳು ಒಂದು ಅರ್ಜಿಗೆ ಸಹಿ ಹಾಕಿದರೆ ನಿಷೇಧ ರದ್ದು. 'ನನ್ನ ದೇಹವು ಸ್ತ್ರೀಯರ ಮೂಲ ಪಟ್ಟಿಗೆ ಒಳಪಡುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.' ಆಮೇಲೆ ಅವಳನ್ನು ಅಪವಾದ ಎಂಬ ಪಟ್ಟಿಯಲ್ಲಿ ಸೇರಿಸಿ, ಬೇರೆ ಮಿತಿ, ಬೇರೆ ಭಾರ ಕೊಡುತ್ತಾರೆ. ಆ ಪಟ್ಟಿಯಲ್ಲಿ ಇನ್ನೂ ಯಾರೂ ಇಲ್ಲ. ಇಂಥ ಅರ್ಜಿಗಳು ಈಗಲೂ ಕಾಗದದ ಮೇಲೆಯೇ ಇರುತ್ತವೆ, ಎರಡು ಪ್ರತಿ.

ಮರುದಿನ ಮಧ್ಯಾಹ್ನ ಐರಾ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿರುವುದು ನನಗೇ ವಿಚಿತ್ರವಾಗಿತ್ತು.

"ಹಾಕಬ್ಯಾಡವಾ," ಎಂದೆ. "ನೀ ಇದಕ್ಕ ಸಹಿ ಹಾಕಿದ್ರ ಪಟ್ಟಿ ಖರೇ ಆಕ್ಕೈತಿ. ಅದನ್ನ ದಾಟಿದಾಕಿ ಹೆಣ್ಣ ಅಲ್ಲ ಅಂತ ಬರಕೊಟ್ಟಾಂಗ. ನಿನ್ನ ಹಿಂದ ಬರೂ ಹುಡುಗ್ಯಾರು—"

"ನಾಲ್ಕ ವರ್ಷ ನಾ ಸುಮ್ನ ಕುಂದ್ರಬೇಕು?"

"ಮೇಲಿನ ಪೀಠಕ್ಕ ಹೋಗೂಣು. ಹೊಸಾ ಪರೀಕ್ಷೆ ಕೇಳೂಣು. ಒಂದ ವರ್ಷ ಆಗಬಹುದು, ಎರಡ ಆಗಬಹುದು."

"ನಿಮ್ಮ ಹತ್ತೂ ಮಂದಿ ಮತ್ತ ಪೂರ್ತಿ ಅಂತಾರ."

ನಾನು ಅರ್ಜಿಯ ಒಂದು ಪ್ರತಿಯನ್ನು ಅವಳಿಂದ ದೂರ ಸರಿಸಿದೆ.

"ಒಬ್ಬಾಕಿ ಸಲುವಾಗಿ ನೀವು ನಿಂತ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಛಲೋ ಮಾಡಿದ್ರಿ. ನಾ ಇದ್ರೂ ಹಂಗ ಮಾಡ್ತಿದ್ನೋ ಏನೋ. ಈಗ ಎಲ್ಲಾರ ಸಲುವಾಗಿ ನಾ ಒಬ್ಬಾಕಿ ನಿಂದ್ರಬೇಕಲ್ಲ?"

ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು. ಆಮೇಲೆ ತಲೆಯೆತ್ತಿ, ಚಿಕ್ಕವಳಿದ್ದಾಗ ಗಣಿತ ಕೇಳುತ್ತಿದ್ದ ಹಾಗೆ ಕೇಳಿದಳು: "ಬೇ, ನೀ ಹನ್ನೆರಡಕ್ಕ ಇಳೀಲಾರದ ತುಳಿದಿದ್ರ ಎಲ್ಲೀತನ ಹೋಗ್ತಿದ್ದಿ? ಹದಿನೈದು? ಹದಿನೆಂಟು?"

"ಗೊತ್ತಿಲ್ಲ."

"ಅಂದಾಜು?"

"ಖರೇನ ಗೊತ್ತಿಲ್ಲವಾ. ರಸ್ತೆ ಪಂದ್ಯದಾಗ ಪದ್ದಿಗೆ ಗಾಳಿ ಬಡೀಬಾರದಂತ ಅಕಿ ಮುಂದ ತುಳೀತಿದ್ದೆ, ಅಕಿ ಹಿಂದ ಬಿದ್ಲ ಅಂದ್ರ ನಾನೂ ನಿಧಾನ ಆಗ್ತಿದ್ದೆ. ಆಮ್ಯಾಲೆ ನೀ ಹುಟ್ಟಿದಿ, ನೌಕರಿ ಬಂತು. ಒಮ್ಮೆನೂ ತುಳಿದು ನೋಡಲಿಲ್ಲ."

ಅವಳು ನನ್ನ ಮುಖ ನೋಡಿದಳು. ಕೆಂಪು ಗುಂಡಿಯ ದಿನದಿಂದ ಆ ಮುಖದಲ್ಲಿ ನನ್ನ ಮೇಲಿದ್ದ ಸಿಟ್ಟು ಅಷ್ಟೂ ಇಳಿದುಹೋಯಿತು. ಅದರ ಜಾಗದಲ್ಲಿ ಬಂದ ಕನಿಕರವನ್ನು ನೋಡಲಾರದೆ ನಾನು ಕಾಗದದ ಕಡೆ ಕಣ್ಣು ತಿರುಗಿಸಿದೆ.

"ಇವತ್ತ ತಾರೀಖ ಎಷ್ಟು?" ಎಂದಳು.

"ಹದಿನಾಲ್ಕು," ಎಂದೆ.

ಬರೆದುಕೊಂಡು ಸಹಿ ಹಾಕಿದಳು. ಎರಡೂ ಪ್ರತಿಗೆ.